ಸ್ಟಾಪ್ ಅಂದ ತಕ್ಷಣ ನಿಲ್ಲಬಾರದ ಕೆಲಸ

ಇವತ್ತು ಕಂಪ್ಯೂಟರ್ ಪರದೆ ಮೇಲಿನ ಒಂದು ಬಟನ್‌ನ ಇತಿಹಾಸ ಹೇಳ್ತೀನಿ. ಅದೇ ನಮ್ಮ ಕ್ಯಾನ್ಸಲ್ ಬಟನ್.

ನಾನು ಓದಿದ್ದು ಬಿ.ಕಾಂ. ಕೋಡಿಂಗ್ ಆಮೇಲೆ ಕಲಿತದ್ದು. ಪರಿಚಯದ ಅಂಗಡಿಯವರಿಗೆ ಲೆಕ್ಕದ ಪುಟ್ಟ ಡೆಸ್ಕ್‌ಟಾಪ್ ಆ್ಯಪ್ ಮಾಡಿಕೊಟ್ಟಿದ್ದೆ. ತಿಂಗಳ ಬಿಲ್‌ಗಳನ್ನು ಲೆಡ್ಜರ್‌ಗೆ ಏರಿಸೋಕೆ ಸಮಯ ಹಿಡೀತಿತ್ತು. ಕ್ಯಾನ್ಸಲ್ ಒತ್ತಿದ್ರೆ ಕೆಲಸ ಅಲ್ಲೇ ಸಾಯೋ ಹಾಗೆ ಬರೆದಿದ್ದೆ. ಒಂದು ಸಂಜೆ ಅವರು ಒತ್ತಿದ್ರು. ಒಂದು ಬಿಲ್‌ಗೆ ಡೆಬಿಟ್ ಬಿದ್ದಿತ್ತು, ಕ್ರೆಡಿಟ್ ಬಿದ್ದಿರಲಿಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗಲಿಲ್ಲ. ಎರಡು ರಾತ್ರಿ ಕೂತು ಹುಡುಕಿದೆ. ತಪ್ಪು ಪೂರ್ತಿ ನನ್ನದೇ. ಆದ್ರೆ ಇದೇ ಗುಂಡಿಗೆ ನನಗಿಂತ ಬಹಳ ಮೊದಲೇ ದೊಡ್ಡವರೂ ಬಿದ್ದಿದ್ದರು.

ಮೊದಲು ಥ್ರೆಡ್ ಅಂದ್ರೆ ಏನು ನೋಡೋಣ. ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಸಾಗುವ ಕೆಲಸದ ಸಾಲುಗಳು ಇವು. ಒಂದು ಥ್ರೆಡ್ ಕಿಟಕಿ ಬಿಡಿಸುತ್ತೆ, ನಿಮ್ಮ ಕ್ಲಿಕ್ ಕೇಳುತ್ತೆ. ಅದಕ್ಕೆ ಭಾರದ ಕೆಲಸ ಕೊಟ್ರೆ ಪರದೆ ಹೆಪ್ಪುಗಟ್ಟುತ್ತೆ. ಅದಕ್ಕೇ ಭಾರದ ಕೆಲಸ ಹಿಂದೆ ಇರುವ ಇನ್ನೊಂದು ಥ್ರೆಡ್‌ಗೆ. ಪ್ರಶ್ನೆ ಏನಂದ್ರೆ, ಅದನ್ನು ಮಧ್ಯದಲ್ಲಿ ನಿಲ್ಲಿಸೋದು ಹೇಗೆ?

1996ರ ಜನವರಿಯಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಜಾವಾ 1.0 ಬಿಡುಗಡೆ ಮಾಡಿತು. ಅದರಲ್ಲಿ ಥ್ರೆಡ್‌ಗೆ ನೇರವಾಗಿ 'ಸ್ಟಾಪ್' ಅನ್ನೋ ಆಜ್ಞೆ ಇತ್ತು. ಅದು ಬಂದ ಕೂಡಲೇ ಥ್ರೆಡ್ ಯಾವ ಸಾಲಿನಲ್ಲಿದೆಯೋ ಅಲ್ಲೇ 'ಥ್ರೆಡ್‌ಡೆತ್' ಅನ್ನೋ ದೋಷ ಸಿಡಿಯುತ್ತಿತ್ತು. ಥ್ರೆಡ್ ಸಾಯುವಾಗ ತಾನು ಹಾಕಿದ್ದ ಬೀಗಗಳೂ ತೆರೆದುಕೊಳ್ಳುತ್ತಿದ್ದವು. ಅಪಾಯ ಇದ್ದದ್ದೇ ಇಲ್ಲಿ. ಕೆಲಸ ಅರ್ಧ ಆಗಿದೆ, ಬೇರೆ ಯಾರೂ ಮುಟ್ಟಬೇಡಿ ಅಂತಲೇ ಬೀಗ ಹಾಕಿರೋದು. ಬೀಗ ತೆರೆದ್ರೆ ಬೇರೆ ಥ್ರೆಡ್‌ಗಳು ಅರೆಬರೆ ಮಾಹಿತಿಯನ್ನೇ ನಿಜ ಅಂತ ನಂಬಿ ಮುಂದೆ ಹೋಗ್ತವೆ. ಎಡವಟ್ಟು ಎಷ್ಟೋ ಹೊತ್ತಿನ ಮೇಲೆ, ಬೇರೆಲ್ಲೋ ಬಯಲಾಗುತ್ತೆ.

1998ರ ಡಿಸೆಂಬರ್‌ನಲ್ಲಿ ಬಂದ ಜಾವಾ 1.2ರಲ್ಲಿ ಸನ್ 'ಸ್ಟಾಪ್' ಬಳಸಬೇಡಿ ಅಂತ ಗುರುತು ಹಾಕಿತು. ಬದಲಿಗೆ ಹೇಳಿದ ದಾರಿ ತುಂಬಾ ಸರಳ. ಒಂದು ಬಾವುಟ ಇಡಿ. ಕೆಲಸದ ಥ್ರೆಡ್ ಆಗಾಗ ಅದನ್ನು ನೋಡಲಿ. ಬಾವುಟ ಏರಿದ್ರೆ ಕೈಲಿರೋದನ್ನು ಮುಗಿಸಿ, ಫೈಲ್ ಮುಚ್ಚಿ, ತಾನೇ ಹೊರಡಲಿ. ನಿದ್ದೆಯಲ್ಲೋ ಕಾಯುವಿಕೆಯಲ್ಲೋ ಇರೋ ಥ್ರೆಡ್ ಅನ್ನು ಎಬ್ಬಿಸೋಕೆ 'ಇಂಟರಪ್ಟ್' ಇದೆ. ಬಾವುಟವನ್ನು 'ವೊಲಟೈಲ್' ಅಂತ ಘೋಷಿಸೋದು ಮರೀಬೇಡಿ. ಇಲ್ದಿದ್ರೆ ಒಂದು ಥ್ರೆಡ್ ಏರಿಸಿದ ಬಾವುಟ ಇನ್ನೊಂದಕ್ಕೆ ಕಾಣದೇ ಹೋಗಬಹುದು.

2005ರಲ್ಲಿ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ 2.0 ಜೊತೆ 'ಬ್ಯಾಕ್‌ಗ್ರೌಂಡ್‌ವರ್ಕರ್' ಬಂತು. ಅಲ್ಲೂ ಇದೇ ಬುದ್ಧಿ. 'ಕ್ಯಾನ್ಸಲ್‌ಅಸಿಂಕ್' ಅಂತ ಕರೆದ್ರೆ ಏನೂ ಸಾಯೋದಿಲ್ಲ, ರದ್ದು ಮಾಡಲು ಕೋರಿಕೆ ಬಂದಿದೆ ಅನ್ನೋ ಗುರುತು ಬೀಳುತ್ತೆ ಅಷ್ಟೇ. ಕೆಲಸ ಮಾಡೋ ಕೋಡ್ ಅದನ್ನು ನೋಡದಿದ್ರೆ ಕೆಲಸ ನಿಲ್ಲೋದೇ ಇಲ್ಲ. ಹಳೇ ಪ್ರೋಗ್ರಾಮ್‌ಗಳು ಮುರಿಯಬಾರದು ಅಂತ ಜಾವಾದ 'ಸ್ಟಾಪ್' ಮಾತ್ರ ಉಳಿದೇ ಇತ್ತು. ಕೊನೆಗೆ 2023ರ ಮಾರ್ಚ್‌ನಲ್ಲಿ, ಜಾವಾ 20ರಲ್ಲಿ, ಅದನ್ನು ಕರೆದ್ರೆ ಬರೀ ದೋಷ ಬರೋ ಹಾಗೆ ಮಾಡಿದ್ರು. ಒಂದು ಬಟನ್‌ನ ತಪ್ಪು ತಿದ್ದೋಕೆ 27 ವರ್ಷ!

ಇಷ್ಟರಲ್ಲಿ ನಾನು ಕಲಿತದ್ದು ಒಂದೇ. ನಿಲ್ಲಿಸು ಅಂತ ಹೊರಗಿನವರು ಕೇಳಬಹುದು, ಆದ್ರೆ ಎಲ್ಲಿ ನಿಂತ್ರೆ ಲೆಕ್ಕ ಕೆಡಲ್ಲ ಅನ್ನೋದು ಕೆಲಸ ಮಾಡ್ತಿರೋನಿಗೇ ಗೊತ್ತು.

ಈಗ ನನ್ನ ಆ್ಯಪ್ ಪ್ರತಿ ಬಿಲ್ ಮುಗಿದ ಮೇಲೆ ಬಾವುಟ ನೋಡುತ್ತೆ. ಡೆಬಿಟ್, ಕ್ರೆಡಿಟ್ ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬೀಳ್ತವೆ, ಹಾಗಾಗಿ ಕರೆಂಟ್ ಹೋದ್ರೂ ಅರ್ಧ ಉಳಿಯಲ್ಲ. ಕ್ಯಾನ್ಸಲ್ ಒತ್ತಿದ್ರೆ ‘ನಿಲ್ಲಿಸಲಾಗುತ್ತಿದೆ’ ಅಂತ ತೋರಿಸುತ್ತೆ. ಮೊನ್ನೆ ಅಂಗಡಿಯವರು ಕೇಳಿದ್ರು, “ಯಾಕಪ್ಪಾ, ಒತ್ತಿದ ತಕ್ಷಣ ನಿಲ್ಲಲ್ವಲ್ಲ?”

“ಕೈಲಿರೋ ಬಿಲ್ ಬರೆದು ಮುಗಿಸ್ತಿದೆ ಸಾರ್” ಅಂದೆ.

“ಹಾಗಾದ್ರೆ ಮುಗಿಸ್ಲಿ ಬಿಡು” ಅಂದ್ರು.