ಕಿಲ್ಲಾರಿ: ನಿಂತು ಕಟ್ಟಿಸಿಕೊಂಡ ಮನೆಗಳು

ಹೊಸ ತಿಪ್ಪಸಂದ್ರದಿಂದ ಮಾತಾಡ್ತಿದ್ದೀನಿ. ನಮ್ಮ ಏರಿಯಾದಲ್ಲಿ ಸಣ್ಣ ಸೈಟಲ್ಲಿ ಮನೆ ಕಟ್ಟಿಸೋರೂ ಮೇಸ್ತ್ರಿ ಪಕ್ಕ ನಿಂತೇ ಕಟ್ಟಿಸ್ತಾರೆ. ಎಷ್ಟು ಮೂಟೆ ಸಿಮೆಂಟ್ ಬಂತು, ಎಷ್ಟು ಕಬ್ಬಿಣ ಹೋಯ್ತು, ಎಲ್ಲದಕ್ಕೂ ಲೆಕ್ಕ. ಭೂಕಂಪ ಆಗಿ ಊರೇ ಬಿದ್ದಾಗಲೂ ಹೀಗೆ ನಿಂತು ಕಟ್ಟಿಸೋಕೆ ಆಗುತ್ತಾ? ಆಗುತ್ತೆ, ಆಗಿದೆ. ಅದೂ ನಮ್ಮ ಬೀದರ್, ಕಲಬುರಗಿಯ ಗಡಿ ದಾಟಿದರೆ ಸಿಗೋ ಊರುಗಳಲ್ಲಿ.

1993ರ ಸೆಪ್ಟೆಂಬರ್ 30. ಬೆಳಗಿನ ಜಾವ, 4 ಗಂಟೆಗೆ ಸ್ವಲ್ಪ ಮುಂಚೆ. ಗಣೇಶನನ್ನು ಬಿಟ್ಟು ಬಂದು ಜನ ಮಲಗಿದ್ದರು. ಮಹಾರಾಷ್ಟ್ರದ ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ, ಕಿಲ್ಲಾರಿ ಸುತ್ತ ಭೂಮಿ ನಡುಗಿತು. ತೀವ್ರತೆ 6.2. ಸತ್ತವರು 10 ಸಾವಿರದ ಹತ್ತಿರ. ಅಷ್ಟೊಂದು ಜನ ಯಾಕೆ? ಮನೆಗಳಿಗೆ ದಪ್ಪ ಕಲ್ಲಿನ ಗೋಡೆ, ಕಲ್ಲುಗಳ ನಡುವೆ ಬರೀ ಮಣ್ಣು. ಬಿಸಿಲು ತಡೆಯಲಿ ಅಂತ ಮಾಳಿಗೆ ಮೇಲೂ ಮಣ್ಣಿನ ಹೊರೆ. ಗೋಡೆ ಬಿಚ್ಚಿಕೊಂಡಾಗ ಎಲ್ಲಾ ತಲೆ ಮೇಲೇ ಬಿತ್ತು.

ವಿಶ್ವಬ್ಯಾಂಕ್ ಸಾಲದ ನೆರವಿನಲ್ಲಿ ಸರ್ಕಾರ ಎರಡು ದಾರಿ ಹಿಡಿಯಿತು. ಪೂರ್ತಿ ನೆಲಸಮವಾದ 52 ಹಳ್ಳಿಗಳನ್ನು ಬೇರೆ ಜಾಗಕ್ಕೆ ಸಾಗಿಸಿದರು. ಅಲ್ಲಿ ಮನೆ ಕಟ್ಟಿದ್ದು ಕಂಟ್ರಾಕ್ಟರ್‌ಗಳು, ದಾನಿ ಸಂಸ್ಥೆಗಳು. ನೇರ ರಸ್ತೆ, ಸಾಲು ಮನೆ, ಥೇಟ್ ಸಿಟಿ ಲೇಔಟ್. ದನ ಎಲ್ಲಿ ಕಟ್ಟೋದು, ಕಾಳು ಎಲ್ಲಿ ಒಣಗಿಸೋದು ಅನ್ನೋದು ಆಮೇಲಿನ ಮಾತು.

ಇನ್ನೊಂದು ದಾರಿ ಅಷ್ಟಾಗಿ ಸುದ್ದಿಯಾಗಲಿಲ್ಲ. ಒಂದೂವರೆ ಲಕ್ಷಕ್ಕೂ ಹೆಚ್ಚು ಮನೆಗಳನ್ನು ಇದ್ದ ಜಾಗದಲ್ಲೇ, ಮನೆಯವರೇ ರಿಪೇರಿ ಮಾಡಿಸಿಕೊಂಡರು, ಇಲ್ಲವೇ ಮತ್ತೆ ಕಟ್ಟಿಸಿಕೊಂಡರು. ಹಣ ಕಂತುಗಳಲ್ಲಿ ಬರ್ತಿತ್ತು. ಒಂದು ಹಂತ ಮುಗಿದು, ಇಂಜಿನಿಯರ್ ನೋಡಿ ಒಪ್ಪಿದರೆ ಮುಂದಿನ ಕಂತು.

ಬಿಕಾಂ ಓದಿದ ತಲೆ ಮೊದಲು ಖರ್ಚು ನೋಡುತ್ತೆ. ಇಲ್ಲಿ ಹೊಸ ಜಮೀನು ಬೇಡ, ಹೊಸ ರಸ್ತೆ ಬೇಡ, ಬಿದ್ದ ಕಲ್ಲೇ ಮತ್ತೆ ಕೆಲಸಕ್ಕೆ ಬರುತ್ತೆ. ಕಲಿಯಬೇಕಾದ್ದು ಕೆಲವೇ ವಿಷಯ. ಗೋಡೆಯ ಎರಡೂ ಮುಖ ಹಿಡಿದಿಡೋ ಉದ್ದ ಕಲ್ಲುಗಳು, ಸುತ್ತಲೂ ಉಡಿದಾರದ ಹಾಗೆ ಒಂದು ಕಾಂಕ್ರೀಟ್ ಪಟ್ಟಿ, ಮಾಳಿಗೆ ಮೇಲೆ ಕಡಿಮೆ ಮಣ್ಣು.

ಆದರೆ ಇದನ್ನ ಮನೆಮನೆಗೆ ಹೇಳೋರು ಯಾರು? ಪ್ರೇಮಾ ಗೋಪಾಲನ್ ಅವರ 'ಸ್ವಯಂ ಶಿಕ್ಷಣ ಪ್ರಯೋಗ' ಸಂಸ್ಥೆ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಆಯಾ ಊರಿನ ಹೆಂಗಸರನ್ನೇ ಈ ಕೆಲಸಕ್ಕೆ ಸಜ್ಜು ಮಾಡಿತು. ಅವರಿಗೆ 'ಸಂವಾದ ಸಹಾಯಕ' ಅಂತ ಹೆಸರು. ಯಾರಿಗೆ ಎಷ್ಟು ಹಣ ಬರಬೇಕು, ಗೋಡೆ ಹೇಗೆ ಏಳಬೇಕು ಅಂತ ತಿಳಿಸಿ ಹೇಳಿದ್ದು, ತೊಂದರೆಯಾದರೆ ಅಧಿಕಾರಿಗಳ ಮುಂದೆ ಕೂತು ಕೇಳಿದ್ದು ಇವರೇ. 2001ರ ಜನವರಿ 26ರಂದು ಗುಜರಾತಿನ ಕಚ್ ನಡುಗಿದಾಗ ಇಲ್ಲಿನ ಹೆಂಗಸರು ಅಲ್ಲಿಗೂ ಹೋಗಿ ಕಲಿಸಿ ಬಂದರು. ಅಲ್ಲಿ ಮನೆಯವರೇ ಕಟ್ಟಿಸಿಕೊಳ್ಳೋದು ಮುಖ್ಯ ದಾರಿಯೇ ಆಯ್ತು.

ನಮ್ಮ ರಾಜ್ಯದಲ್ಲೂ 2019ರ ನೆರೆ ಆದಮೇಲೆ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಕಂತುಗಳಲ್ಲಿ, ಅಂತ ಸರ್ಕಾರ ಘೋಷಿಸಿತು. ಹಣ ಮನೆಯವರ ಕೈಗೇ ಕೊಡೋದು ಈಗ ಹೊಸದಲ್ಲ. ಆದರೆ ಕಿಲ್ಲಾರಿ ಕಡೆ ಹಣದ ಜೊತೆ ಲೆಕ್ಕ ಬಿಡಿಸಿ ಹೇಳೋ ಒಬ್ಬ ಹೆಂಗಸೂ ಅದೇ ಬೀದಿಯಲ್ಲಿ ಇದ್ದಳು. ಮುಂದಿನ ಸಲ ಪರಿಹಾರದ ಮೊತ್ತ ಸುದ್ದಿಯಾದಾಗ, ಆ ಊರಲ್ಲಿ ಅಂಥವರು ಯಾರಾದ್ರೂ ಇದ್ದಾರಾ ಅಂತಲೂ ಕೇಳಿ.