ಗಮನ ಸೆಳೆದದ್ದು, ನೆಲೆ ನಿಂತದ್ದು: ಜ್ಞಾನಭಾರತಿಯ ಪವಾಡ ಪರಿಶೀಲನೆ ಮತ್ತು ಎಚ್. ನರಸಿಂಹಯ್ಯ

ಸಾರಾಂಶ

ಜನರ ಗಮನವೇ ಬಂಡವಾಳವಾಗಿರುವ ಕಾಲದಲ್ಲಿ ಒಬ್ಬ ವ್ಯಕ್ತಿಯ ಪ್ರಭಾವವನ್ನು ಅಳೆಯುವುದು ಹೇಗೆ ಎಂಬುದು ಈ ಲೇಖನದ ಪ್ರಶ್ನೆ. ಇದಕ್ಕಾಗಿ ಡಾ. ಎಚ್. ನರಸಿಂಹಯ್ಯನವರ (1920–2005) ಎರಡು ಕೆಲಸಗಳನ್ನು ಎದುರುಬದುರು ಇಟ್ಟು ನೋಡಲಾಗಿದೆ: ಬೆಂಗಳೂರು ವಿಶ್ವವಿದ್ಯಾಲಯದಲ್ಲಿ 1976ರಲ್ಲಿ ರಚನೆಯಾದ ಪವಾಡ ಪರಿಶೀಲನಾ ಸಮಿತಿ, ಮತ್ತು 1962ರಲ್ಲಿ ಆರಂಭವಾದ ಬೆಂಗಳೂರು ಸೈನ್ಸ್ ಫೋರಂ. ಮೊದಲನೆಯದು ದೇಶದ ಕಣ್ಣು ಸೆಳೆದು ಮರುವರ್ಷವೇ ಮುಗಿಯಿತು. ಎರಡನೆಯದು ಸ್ಥಾಪಕರ ನಂತರವೂ ನಡೆಯಿತು. ಇವುಗಳ ಅಂತರ ಇರುವುದು ಕೆಲಸವನ್ನು ಕಟ್ಟಿದ ರೀತಿಯಲ್ಲಿ ಎಂಬುದು ಇಲ್ಲಿನ ವಾದ.

1. ವ್ಯಕ್ತಿ ಮತ್ತು ಆವರಣ

1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯ 1973ರಲ್ಲಿ ಕೆಂಗೇರಿಗೂ ನಾಗರಬಾವಿಗೂ ನಡುವಿನ ಜ್ಞಾನಭಾರತಿ ಆವರಣಕ್ಕೆ ಬಂತು. ಸುಮಾರು 1,100 ಎಕರೆಯ ಈ ಆವರಣ ರೂಪುಗೊಳ್ಳುತ್ತಿದ್ದಾಗ ಕುಲಪತಿಯಾಗಿದ್ದವರು ನರಸಿಂಹಯ್ಯ (1972–77). ವಿಜ್ಞಾನಿಯಾದ ಅವರ ಅವಧಿಯಲ್ಲೇ ನೃತ್ಯ, ನಾಟಕ, ಸಂಗೀತಗಳಿಗೂ ಇಲ್ಲಿ ಒಂದು ವಿಭಾಗ ಆರಂಭವಾಯಿತು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಿಂದ 1935ರಲ್ಲಿ ಓದಲೆಂದು ಬೆಂಗಳೂರಿಗೆ ನಡೆದೇ ಬಂದವರು ಅವರು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡರು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್.ಡಿ. ಪಡೆದು ಬಂದ ಮೇಲೂ ಖಾದಿ ಬಿಡಲಿಲ್ಲ, ಮದುವೆಯಾಗಲಿಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ದಶಕಗಳ ಕಾಲ ಬಾಳಿದರು.

ಈ ಸರಳತೆಯನ್ನು ಗುಣಗಾನದ ವಸ್ತುವಾಗಿ ನೋಡುವುದು ರೂಢಿ. ಅದರ ಉಪಯೋಗ ಬೇರೆಡೆ ಇದೆ. ಬೇಕುಗಳು ಕಡಿಮೆ ಇದ್ದವನನ್ನು ಹೊಗಳಿಕೆಯಿಂದ ಒಲಿಸುವುದೂ ಸ್ಥಾನ ಹೋದೀತೆಂದು ಹೆದರಿಸುವುದೂ ಕಷ್ಟ. ಹಲವರ ಭಕ್ತಿಗೆ ಪಾತ್ರರಾದವರನ್ನು ಬಹಿರಂಗವಾಗಿ ಪ್ರಶ್ನಿಸಲು ಹೊರಟ ಕುಲಪತಿಗೆ ಈ ಸ್ವಾತಂತ್ರ್ಯ ಕೆಲಸದ ಸಲಕರಣೆಯೇ ಆಗಿತ್ತು.

2. ಮೂರು ಪತ್ರಗಳು, ಒಂದು ತಪಾಸಣೆ

ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಇತರ ಮೂಢನಂಬಿಕೆಗಳನ್ನೂ ವೈಚಾರಿಕವಾಗಿ ತನಿಖೆ ಮಾಡುವುದು 1976ರ ಸಮಿತಿಯ ಉದ್ದೇಶ. ಅದೇ ವರ್ಷ ಸಂಸತ್ತು ಅಂಗೀಕರಿಸಿದ ಸಂವಿಧಾನದ 42ನೇ ತಿದ್ದುಪಡಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ಕಾಗದದ ಮೇಲೆ ಬಂದ ಈ ಕರ್ತವ್ಯಕ್ಕೆ ಜ್ಞಾನಭಾರತಿಯಲ್ಲಿ ಆಗಲೇ ಒಂದು ಕಾರ್ಯರೂಪ ಸಿಕ್ಕಿತ್ತು.

ನರಸಿಂಹಯ್ಯನವರು ಪವಾಡಗಳಿಗೆ ಹೆಸರಾಗಿದ್ದ ಸತ್ಯಸಾಯಿ ಬಾಬಾ ಅವರಿಗೆ ಮೂರು ಪತ್ರ ಬರೆದು, ನಿಯಂತ್ರಿತ ಸನ್ನಿವೇಶದಲ್ಲಿ ಪವಾಡ ತೋರಿಸುವಂತೆ ಕೋರಿದರು. ಪತ್ರಗಳು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದವು. ಬಾಬಾ ಪರೀಕ್ಷೆಗೆ ಒಪ್ಪಲಿಲ್ಲ. ವಿಜ್ಞಾನದ ವ್ಯಾಪ್ತಿ ಇಂದ್ರಿಯಗಳಿಗೆ ಸೀಮಿತ, ಅಧ್ಯಾತ್ಮ ಅದರಾಚೆಯದು ಎಂಬುದು ಅವರ ನಿಲುವಾಗಿತ್ತು. ವಾದ ಬಿಸಿಯಾಯಿತು, ಪರೀಕ್ಷೆ ನಡೆಯಲಿಲ್ಲ.

ಇದೇ ಸಮಿತಿ 1976ರಲ್ಲಿ ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆಂದು ಹೆಸರಾಗಿದ್ದ ಬಾಲಕನೊಬ್ಬನನ್ನು ಪರಿಶೀಲಿಸಿತು. ವಿಭೂತಿ ಬಟ್ಟೆಯೊಳಗೆ ಮೊದಲೇ ಅಡಗಿಸಿಟ್ಟದ್ದೆಂದು ಬಯಲಾಯಿತು. ಇಲ್ಲಿ ಪ್ರಶ್ನೆ ಚಿಕ್ಕದು, ಜಾಗ ಗೊತ್ತಿರುವುದು, ಉತ್ತರ ಹೌದು ಅಥವಾ ಇಲ್ಲ. ಪತ್ರಗಳ ಗತಿಯಾದರೋ ಎದುರಾಳಿಯ ಇಚ್ಛೆಗೆ ಬಿಟ್ಟದ್ದಾಗಿತ್ತು: ಆತ ಮೌನ ವಹಿಸಿದರೆ ಸಾಕು, ಪ್ರಯೋಗ ನಿಂತುಹೋಗುತ್ತದೆ, ಚರ್ಚೆ ಮಾತ್ರ ಪ್ರಸಿದ್ಧ ಹೆಸರಿನ ಸುತ್ತ ಸುತ್ತುತ್ತಲೇ ಇರುತ್ತದೆ. ಪ್ರಖ್ಯಾತರನ್ನು ಪ್ರಶ್ನಿಸುವವನಿಗೆ ದೊರೆಯುವ ಗಮನದಲ್ಲಿ ಹೆಚ್ಚಿನ ಪಾಲು ಆ ಪ್ರಖ್ಯಾತರಿಗೇ ಸಲ್ಲುತ್ತದೆ. 1977ರಲ್ಲಿ ಸಮಿತಿ ವಿಸರ್ಜನೆಯಾಯಿತು.

3. ವಾರದ ಉಪನ್ಯಾಸ

ಮಾಹಿತಿ ಹೆಚ್ಚಿದಂತೆ ಗಮನದ ಕೊರತೆಯಾಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲೇ ವಾದಿಸಿದ್ದರು. ಕೊರತೆಯ ವಸ್ತುವನ್ನು ದೋಚುವ ದಾರಿಯೊಂದು, ಬೆಳೆಸುವ ದಾರಿ ಇನ್ನೊಂದು. ಸೈನ್ಸ್ ಫೋರಂ ಎರಡನೆಯ ದಾರಿ ಹಿಡಿಯಿತು: ವಾರಕ್ಕೊಂದು ಉಪನ್ಯಾಸ, ಜುಲೈನಲ್ಲಿ ವಿಜ್ಞಾನ ಉತ್ಸವ, ಯಾರು ಬೇಕಾದರೂ ಬಂದು ಕೂರಬಹುದಾದ ಸಭೆ. ಕೇಳುಗನ ಭಾವೋದ್ರೇಕವನ್ನು ಅದು ಬೇಡಲಿಲ್ಲ; ಒಂದು ವಿಷಯದ ಮುಂದೆ ತಾಳ್ಮೆಯಿಂದ ಕೂರುವುದನ್ನು ಬೇಡಿತು, ಆ ರೂಢಿಯನ್ನೇ ಮರಳಿ ಕೊಟ್ಟಿತು. ಭಾಷಣಕಾರ ಪ್ರತಿ ಸಲ ಬೇರೆಯಾದ್ದರಿಂದ ವೇದಿಕೆ ಒಬ್ಬರ ವರ್ಚಸ್ಸಿಗೆ ಅಂಟಿಕೊಳ್ಳಲಿಲ್ಲ.

ಆದರೂ ಎರಡು ಕೆಲಸಗಳನ್ನು ಪೂರ್ತಿ ಬೇರ್ಪಡಿಸಿ ಒಂದನ್ನು ಸೋಲು, ಇನ್ನೊಂದನ್ನು ಗೆಲುವು ಎನ್ನುವುದು ಸರಿಯಾಗದು. ಹದಿನಾಲ್ಕು ವರ್ಷಗಳ ಉಪನ್ಯಾಸ ಪರಂಪರೆ ಬೆನ್ನಿಗಿದ್ದುದರಿಂದಲೇ 1976ರ ಪ್ರಶ್ನೆ ಬರಿಯ ಪಂಥಾಹ್ವಾನವಾಗದೆ ಗಂಭೀರವಾಗಿ ಕೇಳಿಸಿತು. ವಿಶ್ವವಿದ್ಯಾಲಯವೊಂದು ಇಂಥ ಪ್ರಶ್ನೆ ಕೇಳಬಹುದು ಎಂಬ ಮೇಲ್ಪಂಕ್ತಿಯೂ ಸಮಿತಿಯಿಂದಲೇ ಬಂತು.

4. ಪರಿಮಿತಿ ಮತ್ತು ಅನ್ವಯ

ನರಸಿಂಹಯ್ಯನವರನ್ನು ಮಾದರಿಯಾಗಿಸುವುದರಲ್ಲಿ ಒಂದು ಅಪಾಯವಿದೆ. ಹಾಸ್ಟೆಲ್ ಕೋಣೆ, ಖಾದಿ ಜುಬ್ಬಗಳ ಕಥೆ ಹರಡಿದಷ್ಟೂ ನರಸಿಂಹಯ್ಯನವರೇ ಪೂಜೆಯ ವಸ್ತುವಾಗುತ್ತಾರೆ; ಪ್ರಶ್ನಿಸದೆ ಒಪ್ಪಬೇಡಿ ಎಂದವರನ್ನೇ ಪ್ರಶ್ನಿಸದೆ ಒಪ್ಪುವ ಪರಿಸ್ಥಿತಿ ಬರುತ್ತದೆ. ಸರಳ ಬದುಕಿನ ಚಿತ್ರಗಳು ಇಂದು ಮೊಬೈಲಿನಲ್ಲಿ ಚೆನ್ನಾಗಿ ಬಿಕರಿಯಾಗುವ ಸರಕೆಂಬುದನ್ನೂ ಮರೆಯಬಾರದು.

ಇನ್ನೊಂದು ಪರಿಮಿತಿ ಸಾಮಾಜಿಕ. ಬೆಂಗಳೂರಿನ ವಿಜಯನಗರ, ಬಸವೇಶ್ವರನಗರಗಳಲ್ಲಿ ಮನೆ ಸಾಲದ ಕಂತು, ಮಕ್ಕಳ ಶುಲ್ಕ, ಹಿರಿಯರ ಔಷಧಿ ತೂಗಿಸುವ ಸಂಸಾರಸ್ಥರಿಗೆ ಬ್ರಹ್ಮಚಾರಿಯ ದಿನಚರಿಯನ್ನು ಬೋಧಿಸುವುದು ವ್ಯರ್ಥ. ಅವರಿಗೂ ಎಟುಕುವ ಎರಡು ಅಂಶಗಳು ಈ ಅಧ್ಯಯನದಿಂದ ದೊರೆಯುತ್ತವೆ. ಒಂದು, ತಪ್ಪದ ವೇಳೆ: ವಾರಕ್ಕೊಮ್ಮೆ ನಡೆಯುವ ಓದು, ಪಾಠ ಅಥವಾ ಸಭೆಯನ್ನು ಮೆಚ್ಚುಗೆಯ ಏರಿಳಿತ ಅಲುಗಿಸಬಾರದು. ಎರಡು, ಪರೀಕ್ಷಿಸಬಲ್ಲ ಪ್ರಶ್ನೆ: ದೂರದ ಪ್ರಖ್ಯಾತರ ಬಗ್ಗೆ ಕೂಗಾಡುವ ಬದಲು, ಸ್ವತಃ ಹೋಗಿ ನೋಡಬಹುದಾದ ಸಂಗತಿಯನ್ನು ಕೈಗೆತ್ತಿಕೊಳ್ಳುವುದು.

ಸಮಾರೋಪ

ಎಷ್ಟು ಜನ ನೋಡಿದರು ಎಂಬ ಲೆಕ್ಕದಲ್ಲಿ 1976ರ ಪತ್ರಗಳ ಮುಂದೆ ವಾರದ ಉಪನ್ಯಾಸ ನಗಣ್ಯ. ಕೆಲಸ ಆರಂಭಿಸಿದವರು ಸ್ಥಾನ ಬಿಟ್ಟ ಮೇಲೆ ಅದನ್ನು ಯಾರು ಮುಂದುವರಿಸಿದರು ಎಂದು ಕೇಳಿದರೆ ಕ್ರಮ ತಲೆಕೆಳಗಾಗುತ್ತದೆ. ಸಮಿತಿಯ ಬದುಕು ಕುಲಪತಿಯ ಅಧಿಕಾರಾವಧಿಯ ಆಸುಪಾಸಿನಲ್ಲೇ ಮುಗಿಯಿತು. ವೇದಿಕೆಗೆ ಆ ಅಧಿಕಾರ ಬೇಕಾಗಿಯೇ ಇರಲಿಲ್ಲ. ಆದುದರಿಂದ ಸಾರ್ವಜನಿಕ ಪ್ರಭಾವದ ಅಧ್ಯಯನಗಳು ಜನಪ್ರಿಯತೆಯ ಶಿಖರಕ್ಕಿಂತ, ಪ್ರಶ್ನೆ ಕೇಳಿದವರ ಗೈರುಹಾಜರಿಯಲ್ಲೂ ಆ ಪ್ರಶ್ನೆಯನ್ನು ಕೇಳುವವರು ಉಳಿದಿದ್ದಾರೆಯೇ ಎಂಬುದನ್ನು ಅಳತೆಗೋಲಾಗಿಸಿಕೊಳ್ಳಬೇಕು.