ಕಡಲ ಪಕ್ಕದ ಖಾಲಿ ರಸ್ತೆಗಳ ಹಿಂದೆ

ಫ್ರಾನ್ಸಿನಲ್ಲಿ ಕೆಲಸಕ್ಕಿರುವ ನಮ್ಮ ಪರಿಚಯದ ಕನ್ನಡದ ಹುಡುಗನೊಬ್ಬ ರಜೆ ಸಿಕ್ಕರೆ ಸೈಕಲ್ ಹತ್ತುತ್ತಾನೆ. ಅಲ್ಲಿ ವಾಹನಗಳೆಲ್ಲ ದೊಡ್ಡ ಟೋಲ್ ಹೆದ್ದಾರಿಗಳಿಗೆ ಹೋಗಿಬಿಟ್ಟು, ಹಳ್ಳಿಗಳ ನಡುವಿನ 'ಡಿ' ನಂಬರಿನ ಹಳೇ ಜಿಲ್ಲಾ ರಸ್ತೆಗಳು ಎಷ್ಟೋ ಕಡೆ ಖಾಲಿ ಬಿದ್ದಿವೆಯಂತೆ. ಕಾಲುವೆಗಳ ದಂಡೆಯೂ ಹಾಗೇ. 1681ರಲ್ಲಿ ತೆರೆದ 'ಕನಾಲ್ ದ್ಯು ಮಿದಿ'ಯ ದಂಡೆಯಲ್ಲಿ ಒಂದು ಕಾಲಕ್ಕೆ ಕುದುರೆಗಳು ದೋಣಿ ಎಳೆಯುತ್ತಿದ್ದವು, ಈಗ ಅಲ್ಲಿ ಸೈಕಲ್ಲುಗಳು. ಫೋಟೋ ಕಳಿಸಿ, "ಅಂಕಲ್, ನಿಮ್ಮ ಕೇರಳದಲ್ಲಿ ಹಾರ್ನ್ ಕೇಳದ ರಸ್ತೆ ಒಂದಾದರೂ ಇದೆಯಾ?" ಅಂತ ಕೆಣಕಿದ.

ಇದೆ ಮಾರಾಯ. ಸಾಗರದಿಂದ ವರ್ಗವಾಗಿ ಈ ಕಡೆ ಬಂದು, ಮೊದಲು ತಿರುವನಂತಪುರ ಆಮೇಲೆ ಕೊಚ್ಚಿ ಅಂತ ಇಲ್ಲೇ ಬೇರು ಬಿಟ್ಟು ಬಹಳ ವರ್ಷವಾಯಿತು. ಐವತ್ತು ದಾಟಿದ ಮೇಲೆ ಡಾಕ್ಟರ ಮಾತಿಗೆ ಒಂದು ಗೇರ್ ಸೈಕಲ್ ಕೊಂಡೆ. ಕೊಚ್ಚಿಯಿಂದ ತಿರುವನಂತಪುರಕ್ಕೆ ಸುಮಾರು ಇನ್ನೂರು ಕಿಲೋಮೀಟರ್. ಅದನ್ನು ಭಾನುವಾರ ಭಾನುವಾರ ಸೇರಿಸಿ ಕಂತಿನಲ್ಲಿ ಮುಗಿಸಿದೆ (ಬ್ಯಾಂಕಿನವರಿಗೆ ಕಂತು ಹೊಸದಲ್ಲ). ಬಹುಪಾಲು ಹೆದ್ದಾರಿ ಮುಟ್ಟದೆ, ಕಡಲಿಗೂ ಹಿನ್ನೀರಿಗೂ ನಡುವಿನ ಸಣ್ಣ ರಸ್ತೆಗಳಲ್ಲಿ. ಈ ರಸ್ತೆಗಳು ಯಾಕೆ ಖಾಲಿ ಅಂತ ಹುಡುಕಹೊರಟರೆ ಸಿಕ್ಕಿದ್ದು ಬೇರೆಯೇ ಲೆಕ್ಕ.

ಮೊದಲ ಕಾರಣ ನೀರು. ತಿರುವಾಂಕೂರಿನ ಸರಕು ಶತಮಾನಗಳ ಕಾಲ ಓಡಾಡಿದ್ದು ಮುಖ್ಯವಾಗಿ ನೀರಿನ ಮೇಲೆ. ಅಕ್ಕಿ, ಕೊಬ್ಬರಿ, ತೆಂಗಿನ ನಾರು, ಕಾಳುಮೆಣಸು ಎಲ್ಲ ವಳ್ಳಗಳಲ್ಲಿ ಹೋಗುತ್ತಿತ್ತು. ಇಲ್ಲಿ ಕುದುರೆ ಎಳೆಯುವ ಪದ್ಧತಿ ಇರಲಿಲ್ಲ. ಉದ್ದನೆಯ ಬಿದಿರಿನ ಜಲ್ಲೆಯನ್ನು ತಳಕ್ಕೆ ಊರಿ ತಳ್ಳುವುದು, ಗಾಳಿ ಇದ್ದರೆ ಹಾಯಿ ಕಟ್ಟುವುದು. ಕಾಯಲುಗಳು (ಹಿನ್ನೀರಿಗೆ ಇಲ್ಲಿನ ಹೆಸರು) ದೇವರು ಕೊಟ್ಟದ್ದು, ಅವುಗಳ ನಡುವಿನ ಅಂತರವನ್ನು ಮನುಷ್ಯರು ತೋಡಿ ಸೇರಿಸಿದರು. ರಾಣಿ ಗೌರಿ ಪಾರ್ವತಿ ಬಾಯಿ ಆಳುತ್ತಿದ್ದಾಗ, 1820ರ ದಶಕದಲ್ಲಿ, ತಿರುವನಂತಪುರದಿಂದ ಕಠಿನಂಕುಳಂ ಕಾಯಲಿಗೆ ಒಂದು ಕಾಲುವೆ ತೋಡಿಸಿದರು. ಅದೇ ಪಾರ್ವತಿ ಪುತ್ತನಾರ್. ಪುತ್ತನ್ ಅಂದರೆ ಹೊಸದು, ಆರ್ ಅಂದರೆ ಹೊಳೆ. ನಗರದೊಳಗೆ ದೋಣಿ ನಿಲ್ಲುತ್ತಿದ್ದ ಜಾಗ ವಳ್ಳಕ್ಕಡವು. ಕಡವು ನಮಗೇನು ಹೊಸ ಶಬ್ದವೇ!

ವರ್ಕಲದಲ್ಲಿ ಮಾತ್ರ ಮುರಕಲ್ಲಿನ ಗುಡ್ಡ ಅಡ್ಡ ನಿಂತಿತ್ತು. ಈ ಕಡೆ ದೋಣಿಯಿಂದ ಸರಕು ಇಳಿಸಿ, ಗುಡ್ಡ ಹತ್ತಿಸಿ ಇಳಿಸಿ, ಆ ಕಡೆ ಇನ್ನೊಂದು ದೋಣಿಗೆ ತುಂಬಬೇಕು. ದಿವಾನ್ ಟಿ. ಮಾಧವರಾವ್ ಕಾಲದಲ್ಲಿ ಗುಡ್ಡ ಕೊರೆಯುವ ಕೆಲಸ ಶುರುವಾಗಿ, 1880ರ ಹೊತ್ತಿಗೆ ಎರಡು ಸುರಂಗಗಳು ಮುಗಿದವು. ದೋಣಿ ಹೋಗುವುದಕ್ಕೆ ಸುರಂಗ ಅಂದರೆ ನಮ್ಮ ಮಲೆನಾಡಿನವರು ನಂಬುವುದು ಕಷ್ಟ, ಆದರೆ ಆಮೇಲೆ ತಿರುವನಂತಪುರದಲ್ಲಿ ಹತ್ತಿದ ಸರಕು ಉತ್ತರಕ್ಕೆ ನೀರಿನ ಮೇಲೇ ಹೋಗಬಹುದಾಯಿತು.

ರೈಲು ಬಂದರೂ ಇದು ನಿಲ್ಲಲಿಲ್ಲ. 1902ರಲ್ಲಿ ಶೊರನೂರಿನಿಂದ ಎರ್ನಾಕುಲಂಗೆ ರೈಲು ಬಂತು. 1918ರಲ್ಲಿ ಕೊಲ್ಲಂನಿಂದ ತಿರುವನಂತಪುರಕ್ಕೆ ಬಂತು. ನಡುವೆ ಎರ್ನಾಕುಲಂ-ಕೊಲ್ಲಂ ಮಾತ್ರ ಹಾಗೇ ಉಳಿಯಿತು! ಕೋಟ್ಟಯಂವರೆಗೆ ರೈಲು ಬಂದದ್ದು 1956ರಲ್ಲಿ, ಅಲ್ಲಿಂದ ಕೊಲ್ಲಂಗೆ 1958ರಲ್ಲಿ. ಕರಾವಳಿಯ ಆಲಪ್ಪುಳ ರೈಲು ನೋಡಿದ್ದಂತೂ 1989ರಲ್ಲಿ. ಅಷ್ಟು ದಶಕ ಆ ಅಂತರವನ್ನು ತುಂಬಿದ್ದರಲ್ಲಿ ದೊಡ್ಡ ಪಾಲು ಬೋಟುಗಳದ್ದು. ಆಮೇಲೆ ಹೆದ್ದಾರಿ ಬಲವಾಗಿ, ಲಾರಿ ಬಸ್ಸುಗಳೆಲ್ಲ ಅತ್ತ ಹೋದವು. ಕಾಲುವೆಗೂ ಕಡಲಿಗೂ ನಡುವಿನ ಪಟ್ಟಿಯಲ್ಲಿ ಉಳಿದದ್ದು ಬೆಸ್ತರು, ನಾರು ಹೊಸೆಯುವವರು, ಅವರ ಸೈಕಲ್ಲು. ಅದೇ ನಮ್ಮ ಇವತ್ತಿನ ಖಾಲಿ ರಸ್ತೆ.

ಎರಡನೇ ಕಾರಣವನ್ನು ಹೇಳುವಾಗ ಸ್ವಲ್ಪ ಮುಜುಗರವಾಗುತ್ತೆ. ರಾಜ್ಯದ ರಸ್ತೆಗಳು ಇದ್ದರೂ ಎಲ್ಲರಿಗೂ ಇರಲಿಲ್ಲ. ವೆಂಙಾನೂರಿನ ಅಯ್ಯಂಕಾಳಿ 1893ರಲ್ಲಿ ಎತ್ತಿನ ಗಾಡಿ ಕೊಂಡು, ಪುಲಯರಿಗೆ ನಿಷೇಧವಿದ್ದ ಸಾರ್ವಜನಿಕ ರಸ್ತೆಯಲ್ಲಿ ಹೊಡೆದುಕೊಂಡು ಹೋದರು. ಒಂದು ಗಾಡಿ ರಸ್ತೆಗಿಳಿದದ್ದು ಚರಿತ್ರೆಯಾಯಿತು ಅಂದರೆ ಆ ರಸ್ತೆಯ 'ಶಾಂತಿ' ಯಾವ ಜಾತಿಯದ್ದು ಅಂತ ನೀವೇ ಯೋಚಿಸಿ.

ಚೆಲ್ಲಾನಂ ದಾರಿಯಲ್ಲಿ ದಕ್ಷಿಣಕ್ಕೆ ಹೋಗಿ, ಅರ್ತುಂಕಲ್ ಇಗರ್ಜಿ (ಶಬರಿಮಲೆಯಿಂದ ಮರಳುವ ಎಷ್ಟೋ ಅಯ್ಯಪ್ಪ ಭಕ್ತರು ಮಾಲೆ ತೆಗೆಯುವುದು ಇಲ್ಲೇ), ಆಲಪ್ಪುಳ ದಾಟಿ, ಸ್ವಲ್ಪ ದೂರ ಹೆದ್ದಾರಿಯ ಹೊಗೆ ಕುಡಿದು, ತೋಟ್ಟಪ್ಪಳ್ಳಿಯ ಹತ್ತಿರ ಮತ್ತೆ ಕಡಲ ಕಡೆ ಇಳಿದರೆ ಪಲ್ಲನ ಸಿಗುತ್ತೆ. ಸಣ್ಣ ಊರು. 1924ರ ಜನವರಿ 16ರಂದು ಕವಿ ಕುಮಾರನ್ ಆಶಾನ್ ಬರುತ್ತಿದ್ದ ರಿಡೀಮರ್ ಅನ್ನುವ ಬೋಟು ಇಲ್ಲಿ ಮುಳುಗಿತು. ಕೊಲ್ಲಂನಿಂದ ಆಲಪ್ಪುಳಕ್ಕೆ ಹೊರಟಿದ್ದ ಕಿಕ್ಕಿರಿದ ಬೋಟು. ರೈಲು ಇಲ್ಲದ ಅದೇ ಅಂತರ. ಆಶಾನ್ ಉಳಿಯಲಿಲ್ಲ.

ಕನ್ನಡಿಗರಿಗೆ ಇಲ್ಲೊಂದು ಮಾತು. ಈಳವ ಜಾತಿಯವರೆಂದು ತಿರುವಾಂಕೂರಿನಲ್ಲಿ ಸರ್ಕಾರಿ ಕೆಲಸ ಸಿಗದ ಡಾ. ಪಲ್ಪು ಅವರಿಗೆ ನೌಕರಿ ಕೊಟ್ಟದ್ದು ನಮ್ಮ ಮೈಸೂರು ಸಂಸ್ಥಾನ. ನಾರಾಯಣ ಗುರುಗಳ ಶಿಷ್ಯನಾಗಿದ್ದ ತರುಣ ಆಶಾನ್, ಪಲ್ಪು ಅವರ ಆಸರೆಯಲ್ಲಿ ಬೆಂಗಳೂರಿನಲ್ಲಿ ಸಂಸ್ಕೃತ ಓದಿದರು. 1898ರ ಪ್ಲೇಗಿನ ಹೊತ್ತಿಗೆ ಅಲ್ಲಿಂದ ಹೊರಟರು. ಪಲ್ಲನದ ಸ್ಮಾರಕದ ಮುಂದೆ ಸೈಕಲ್ ನಿಲ್ಲಿಸಿದಾಗ, ಇವರು ನಮಗೂ ಸ್ವಲ್ಪ ಸೇರಿದವರು ಅನ್ನಿಸಿತು.

ಆಶಾನ್ ತೀರಿಕೊಂಡ ಎರಡೂವರೆ ತಿಂಗಳಿಗೆ, ಮಾರ್ಚ್ 30ರಂದು ವೈಕ್ಕಂ ಸತ್ಯಾಗ್ರಹ ಶುರುವಾಯಿತು. ಕೇಳಿದ್ದು ದೇವಸ್ಥಾನದ ಒಳಗೆ ಬಿಡಿ ಅಂತಲ್ಲ, ಸುತ್ತಲಿನ ರಸ್ತೆಯಲ್ಲಿ ನಡೆಯಲು ಬಿಡಿ ಅಂತ. 1925ರ ಮಾರ್ಚಿನಲ್ಲಿ ಗಾಂಧೀಜಿ ಅಲ್ಲಿಗೆ ಬಂದದ್ದೂ ಬೋಟಿನಲ್ಲೇ. ರಸ್ತೆಗಾಗಿ ನಡೆದ ಹೋರಾಟಕ್ಕೆ ನೀರಿನ ಮೇಲೆ ಬಂದರು! ಆ ವರ್ಷದ ಕೊನೆಗೆ ಪೂರ್ವದ್ದೊಂದು ಬಿಟ್ಟು ಉಳಿದ ಮೂರು ಕಡೆಯ ರಸ್ತೆಗಳು ಎಲ್ಲರಿಗೂ ತೆರೆದವು. ದೇವಾಲಯ ಪ್ರವೇಶದ ಘೋಷಣೆ ಬರಲು 1936 ಆಗಬೇಕಾಯಿತು.

ಪಲ್ಲನದಿಂದ ಮುಂದೆ ತೃಕ್ಕುನ್ನಪ್ಪುಳ, ಆರಾಟ್ಟುಪುಳ. ಒಂದು ಕೈಗೆ ಕಡಲು, ಇನ್ನೊಂದು ಕೈಗೆ ಕಾಯಲು. ವಲಿಯಳೀಕ್ಕಲ್‌ನಲ್ಲಿ ಕಾಯಂಕುಳಂ ಕಾಯಲು ಕಡಲಿಗೆ ಸೇರುವ ಅಳಿವೆ. ಅದರ ಮೇಲೆ 2022ರಲ್ಲಿ ಬಿಲ್ಲಿನಾಕಾರದ ದೊಡ್ಡ ಸೇತುವೆ ತೆರೆದು, ರಸ್ತೆ ಸೀದಾ ಆಲಪ್ಪಾಡಿಗೆ ಸೇರಿತು. ಸೇತುವೆಯ ಮೇಲೆ ಸಂಜೆ ಹೊತ್ತು ಸೆಲ್ಫಿ ಜಾತ್ರೆ, ಬೆಳಿಗ್ಗೆ ಹೋಗುವುದು ವಾಸಿ. ಆಲಪ್ಪಾಡು ಅಂದರೆ 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕೇರಳದಲ್ಲೇ ಅತಿ ಹೆಚ್ಚು ಪೆಟ್ಟು ತಿಂದ ಊರು.

ಕೊಲ್ಲಂ ದಾಟಿದರೆ ಪರವೂರು, ಕಾಪ್ಪಿಲ್, ವರ್ಕಲ. ಕಾಪ್ಪಿಲ್ ರಸ್ತೆಯ ಅಂದವನ್ನು ಬರೆಯಲಾರೆ, ಹೋಗಿ ನೋಡಿ. ಆಮೇಲೆ ಅಂಚುತೆಂಗು, ಅಂದರೆ ಐದು ತೆಂಗು. ಆಟ್ಟಿಂಗಲ್ ರಾಣಿಯ ಅನುಮತಿ ಪಡೆದು ಈಸ್ಟ್ ಇಂಡಿಯಾ ಕಂಪನಿ 1690ರ ದಶಕದಲ್ಲಿ ಕಾಳುಮೆಣಸಿಗಾಗಿ ಕೋಟೆ ಕಟ್ಟಿದ್ದು ಇಲ್ಲಿ. ಕೋಟೆ ಚಿಕ್ಕದು, ನಮ್ಮ ತಾಲ್ಲೂಕು ಕಚೇರಿಯಷ್ಟು ಅನ್ನಿಸಿತು. ಆಶಾನ್ ಹುಟ್ಟಿದ ಕಾಯಿಕ್ಕರ ಪಕ್ಕದಲ್ಲೇ ಇದೆ. ಮುತಲಪ್ಪೊಳಿ ಅಳಿವೆಯ ಸೇತುವೆ ದಾಟುವಾಗ ಮಾತ್ರ ಮನಸ್ಸು ಭಾರವಾಗುತ್ತೆ. ಅಲ್ಲಿ ದೋಣಿ ಮಗುಚಿ ಬೆಸ್ತರು ಸತ್ತ ಸುದ್ದಿಯನ್ನು ಪೇಪರಿನಲ್ಲಿ ಎಷ್ಟು ಸಲ ಓದಿದ್ದೇನೋ.

ಈಗ ಈ ಪಟ್ಟಿಗೇ ದೊಡ್ಡ ಯೋಜನೆಗಳು ಬಂದಿವೆ. ತಿರುವನಂತಪುರದ ಪೂವಾರಿನಿಂದ ನಮ್ಮ ಮಂಜೇಶ್ವರದ ಕುಂಜತ್ತೂರುವರೆಗೆ ಕರಾವಳಿ ಹೆದ್ದಾರಿ, ಅದರಲ್ಲಿ ಸೈಕಲ್ ಪಥವೂ ಸೇರಿದೆ. ಕೋವಳಂನಿಂದ ಬೇಕಲಕ್ಕೆ 616 ಕಿಲೋಮೀಟರಿನ ಜಲಮಾರ್ಗ ಇನ್ನೊಂದು. ಬೇಕಲ ಕೋಟೆ ಕಟ್ಟಿಸಿದವರು ಕೆಳದಿಯ ಶಿವಪ್ಪನಾಯಕರಲ್ಲವೇ, ಸಾಗರದವನಾದ ನನಗೆ ಒಳಗೊಳಗೇ ಖುಷಿ. ಆದರೆ ಸೈಕಲ್ ಪಥಕ್ಕಾಗಿ ಹೆದ್ದಾರಿ ಬರಲಿ ಅಂತ ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಬೆಸ್ತರ ಮನೆಗಳು ರಸ್ತೆಗೂ ಕಡಲಿಗೂ ನಡುವೆ ಸಿಕ್ಕಿಕೊಂಡಿವೆ, ಯಾವ ಕಡೆ ಅಗಲವಾದರೂ ಜಾಗ ಹೋಗುವುದು ಅವರದ್ದೇ. 2021ರಲ್ಲಿ ಶಂಖುಮುಖದಲ್ಲಿ ವಿಮಾನ ನಿಲ್ದಾಣದ ರಸ್ತೆಯನ್ನೇ ಕಡಲು ಕೊಚ್ಚಿಕೊಂಡು ಹೋಗಿತ್ತು. ಚೆಲ್ಲಾನಂನಲ್ಲಿ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ ಒಂದಷ್ಟು ದೂರ ಟೆಟ್ರಾಪಾಡ್ ಗೋಡೆ ಬಂತು. ಅಲ್ಲಿ ಚಹಾದಂಗಡಿಯ ಹಿರಿಯರೊಬ್ಬರು, "ಸಾರೇ, ರಸ್ತೆ ಆಮೇಲೆ ಬರಲಿ, ಗೋಡೆ ಇನ್ನೂ ತೆಂಕಕ್ಕೆ ಹೋಗಬೇಕು" ಅಂದರು.

ಹೋಗುವವರು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ, ಬೆಳಿಗ್ಗೆ ಆರಕ್ಕೇ ಹೊರಡಿ. ಜೂನ್‌ನಿಂದ ಆಗಸ್ಟ್ ಬೇಡ. ಆಗ ಕೆಲವು ಕಡೆ ಕಡಲು ರಸ್ತೆಗೇ ಬಂದಿರುತ್ತೆ, ಊರಿನವರು ಮನೆಯಿಂದ ಮರಳು ಎತ್ತಿ ಹಾಕುತ್ತಿರುತ್ತಾರೆ.